ಗಂಟು ಕಂಡಾಗ ಗುಟ್ಟು ಬೇಡ

(ತ್ಯಾವಣಿಗೆಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ರೋಗಶಾಸ್ತ್ರದ ವೈದ್ಯೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)

 

ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ಆರೋಗ್ಯದ ಬಗ್ಗೆ ಏನಾದರೂ ನಾಲ್ಕು ಮಾತು ಆಡಬೇಕು" ಎಂದು ಕೇಳಿದರು. ಸ್ತನದಲ್ಲಿ ಕಾಣಿಸುವ ಗಂಟಿನ ಬಗ್ಗೆ ಮಾತನಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮೇಡಂ, ಸಭೆಯಲ್ಲಿ ಗಂಡಸರೂ ಇರುತ್ತಾರಲ್ಲ" ಎಂದರು. "ಅವರು ಇರಲೇಬೇಕು" ಎಂದು ನಾನು ಹೇಳಿದೆ. ಏಕೆಂದರೆ ನಮ್ಮ ಊರುಗಳಲ್ಲಿ ಹೆಂಗಸು ಯಾವಾಗ ಆಸ್ಪತ್ರೆಗೆ ಹೋಗಬೇಕು, ಯಾರ ಜೊತೆ ಹೋಗಬೇಕು, ಎಷ್ಟು ಹಣ ಖರ್ಚು ಮಾಡಬೇಕು ಎಂದು ತೀರ್ಮಾನಿಸುವವರು ಬಹುಮಟ್ಟಿಗೆ ಗಂಡಸರೇ. ಈ ಮಾತು ಅವರ ಕಿವಿಗೂ ಬೀಳಲಿ ಎಂಬುದು ನನ್ನ ಆಸೆ.

ನಾನು ರೋಗಿಗಳಿಗೆ ಔಷಧ ಬರೆದುಕೊಡುವ ವೈದ್ಯಳಲ್ಲ. ನನ್ನ ಕೆಲಸ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಮುಂದೆ. ಶಸ್ತ್ರವೈದ್ಯರು ಕಳಿಸಿದ ಗಂಟು ಏನೆಂದು ಹೆಸರಿಟ್ಟು ಹೇಳುವುದು ನಮ್ಮ ಹೊಣೆ. ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ಹೊರಗೆ ಹೆಚ್ಚು ಜನರಿಗೆ ತಿಳಿಯದು. ತಿಳಿಯದ ಕಾರಣ ಭಯ. ಭಯದ ಕಾರಣ ತಡ. ಆ ತಡದಿಂದಾಗುವ ನಷ್ಟವನ್ನು ನಾನು ನನ್ನ ಮನೆಯಲ್ಲಿಯೇ ಕಂಡಿದ್ದೇನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ನನ್ನ ಖಾಲಾ

ನನ್ನ ತಾಯಿಯ ತಂಗಿ, ನಮ್ಮ ಖಾಲಾ, ಇದೇ ಊರಿನವರು. ಅಡಿಕೆ ಕೊಯ್ಲಿನ ಕಾಲ ಬಂದರೆ ಚನ್ನಗಿರಿ ಸೀಮೆಯ ನೂರಾರು ಹೆಂಗಸರಂತೆ ಅವರೂ ಅಡಿಕೆ ಸುಲಿಯಲು ಹೋಗುತ್ತಿದ್ದರು. ನಲವತ್ತನಾಲ್ಕರ ವಯಸ್ಸಿನಲ್ಲಿ ಒಂದು ದಿನ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಏನು ಹೇಳುವುದೆಂದು ಸುಮ್ಮನಾದರು. ಎಂಟು ತಿಂಗಳು ಗಂಡನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಯಾರೋ ಕೊಟ್ಟ ಲೇಪ ಹಚ್ಚಿದರು. ಗಂಟು ಅಡಿಕೆ ಗಾತ್ರಕ್ಕೆ ಬಂದ ಮೇಲೆ ಒಂದು ಪಟ್ಟಣದ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕೈಯಿಂದ ಮುಟ್ಟಿ ನೋಡಿ, ಕೊಬ್ಬಿನ ಗಡ್ಡೆ ಎಂದು ಹೇಳಿ, ಅರ್ಧ ಗಂಟೆಯಲ್ಲಿ ಕೊಯ್ದು ತೆಗೆದರು. ಗಂಡನಿಗೆ ಸ್ಟೀಲ್ ಬಟ್ಟಲಿನಲ್ಲಿ ಅದನ್ನು ತೋರಿಸಿದರು. ಆಮೇಲೆ ಎಸೆದುಬಿಟ್ಟರು.

ಸೂಜಿ ಪರೀಕ್ಷೆ ಆಗಲಿಲ್ಲ, ಸ್ಕ್ಯಾನಿಂಗ್ ಆಗಲಿಲ್ಲ, ತೆಗೆದ ಗಡ್ಡೆಯನ್ನು ಪರೀಕ್ಷೆಗೂ ಕಳಿಸಲಿಲ್ಲ. ಮನೆಯವರೂ ಕೇಳಲಿಲ್ಲ, ಏಕೆಂದರೆ ಕೇಳಬೇಕೆಂಬುದೇ ಗೊತ್ತಿರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗಂಟು, ಜೊತೆಗೆ ಕಂಕುಳಲ್ಲಿ ಎರಡು ಗಂಟು. ಆಗ ನಾನು ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದೆ. ಸೂಜಿ ಹಾಕಿದ್ದು ನನ್ನ ಹಿರಿಯ ಸಹೋದ್ಯೋಗಿ. ಸ್ಲೈಡನ್ನು ಮೊದಲು ನೋಡಿದವಳು ನಾನು. ನೋಡಿದ ಕೂಡಲೇ ತಿಳಿಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಖಾಲಾ, "ಯಾಕೆ ಮೊದಲೇ ಹೇಳಲಿಲ್ಲ?" ಎಂಬ ನನ್ನ ಪ್ರಶ್ನೆಗೆ ಕೊಟ್ಟ ಉತ್ತರ ಒಂದೇ: "ನಾಚಿಕೆ ಆಯ್ತು ಬೇಟಿ."

ಎರಡೂವರೆ ವರ್ಷ ಬದುಕಿದ್ದರು. ಅವರ ಗಂಟು ಕಡಲೆಕಾಳಿನಷ್ಟಿದ್ದಾಗ ಒಂದು ಸೂಜಿ, ಹತ್ತು ನಿಮಿಷ ಸಾಕಾಗುತ್ತಿತ್ತು. ಇಂದಿನ ಭಾಷಣದ ಸಾರ ಇಷ್ಟೇ: ಗಂಟು ಏನೆಂದು ಕೈ ಹೇಳಲಾರದು, ನೋವು ಹೇಳಲಾರದು, ನೆರೆಯವರು ಹೇಳಲಾರರು. ಅದರೊಳಗಿನ ಜೀವಕೋಶಗಳು ಹೇಳಬೇಕು. ಅವನ್ನು ಕೇಳದೆ ಯಾವ ಗಂಟಿನ ಬಗ್ಗೆಯೂ ತೀರ್ಮಾನಕ್ಕೆ ಬರಬೇಡಿ.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ಸ್ತನದಲ್ಲಿ ಕಾಣಿಸುವ ಗಂಟುಗಳಲ್ಲಿ ಹತ್ತರಲ್ಲಿ ಎಂಟು ಕ್ಯಾನ್ಸರ್ ಅಲ್ಲ. ಹದಿನೈದರಿಂದ ಮೂವತ್ತೈದು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಫೈಬ್ರೋಅಡಿನೋಮಾ ಎಂಬ ಸಾಧು ಗಡ್ಡೆ. ಗೋಲಿಯಂತೆ ನುಣುಪಾಗಿ, ಬೆರಳಿಟ್ಟರೆ ಜಾರಿ ಓಡುತ್ತದೆ. ಕೆಲವರಿಗೆ ನೀರು ತುಂಬಿದ ಚೀಲದಂತಹ ಗುಳ್ಳೆ ಇರುತ್ತದೆ. ಹಾಲೂಡಿಸುವ ತಾಯಂದಿರಲ್ಲಿ ಹಾಲು ಕಟ್ಟಿದ ಗಂಟು, ಕೀವು ತುಂಬಿದ ಬಾವು ಬರುತ್ತವೆ. ಪೆಟ್ಟು ಬಿದ್ದ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿ ಗಂಟಾಗುವುದೂ ಉಂಟು. ನಮ್ಮ ದೇಶದಲ್ಲಿ ಕ್ಷಯರೋಗ ಕೂಡ ಸ್ತನದಲ್ಲಿ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಕ್ಯಾನ್ಸರಿನಂತೆಯೇ ಗಟ್ಟಿ. ಅದನ್ನು ಸೂಜಿಯಿಂದ ಪತ್ತೆ ಮಾಡಿದರೆ ಸ್ತನ ತೆಗೆಯುವ ಮಾತೇ ಇಲ್ಲ. ಸರ್ಕಾರ ಉಚಿತವಾಗಿ ಕೊಡುವ ಕ್ಷಯದ ಮಾತ್ರೆಗಳಿಂದ ವಾಸಿಯಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಜಗತ್ತಿನ ಕ್ಯಾನ್ಸರ್ ಅಂಕಿಅಂಶಗಳನ್ನು ಕಲೆಹಾಕುವ ಗ್ಲೋಬೋಕಾನ್ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಅಂದರೆ ನಲವತ್ತು ಐವತ್ತರ ವಯಸ್ಸಿನಲ್ಲಿಯೇ, ನಮ್ಮಲ್ಲಿ ಇದು ಹೆಚ್ಚು ಕಾಣುತ್ತದೆ. ಗಂಡಸರಿಗೂ ಬರಬಹುದು. ನೂರು ರೋಗಿಗಳಲ್ಲಿ ಒಬ್ಬರು ಗಂಡಸು. ಆದ್ದರಿಂದ ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರೂ ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಾರದು.

ಯಾವ ಲಕ್ಷಣ ಕಂಡರೆ ತಡಮಾಡಬಾರದು? ನೋವಿಲ್ಲದ ಗಟ್ಟಿ ಗಂಟು. ಚರ್ಮ ಒಳಕ್ಕೆ ಎಳೆದು ಗುಳಿ ಬೀಳುವುದು. ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು. ಹೊಸದಾಗಿ ತೊಟ್ಟು ಒಳಕ್ಕೆ ಸರಿಯುವುದು. ತೊಟ್ಟಿನಿಂದ ರಕ್ತ ಬೆರೆತ ದ್ರವ ಬರುವುದು. ಕಂಕುಳಲ್ಲಿ ಗಂಟು. ನೋವಿದ್ದರೆ ಮಾತ್ರ ರೋಗ ಎಂಬ ನಂಬಿಕೆ ನಮ್ಮಲ್ಲಿದೆ. ಸ್ತನದ ಕ್ಯಾನ್ಸರ್ ಬಹುಪಾಲು ಆರಂಭದಲ್ಲಿ ನೋಯುವುದಿಲ್ಲ. ಖಾಲಾ ಮೋಸ ಹೋದದ್ದು ಅಲ್ಲಿಯೇ.

ಮೂರು ಸಾಕ್ಷಿಗಳು

ನ್ಯಾಯಾಲಯ ತೀರ್ಪು ಕೊಡುವ ಮೊದಲು ಸಾಕ್ಷಿ ಕೇಳುತ್ತದೆ. ಸ್ತನದ ಗಂಟಿಗೂ ನಾವು ಮೂರು ಸಾಕ್ಷಿ ಕೇಳುತ್ತೇವೆ. ಮೊದಲನೆಯದು, ವೈದ್ಯರು ಎರಡೂ ಸ್ತನ ಮತ್ತು ಕಂಕುಳನ್ನು ಕೈಯಿಂದ ಪರೀಕ್ಷಿಸುವುದು. ಎರಡನೆಯದು, ಚಿತ್ರ ತೆಗೆಯುವುದು. ನಲವತ್ತಕ್ಕಿಂತ ಕಡಿಮೆ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಅದಕ್ಕೆ ಮೇಲ್ಪಟ್ಟವರಿಗೆ ಮಮೋಗ್ರಫಿ ಎಂಬ ಎಕ್ಸ್-ರೇ. ಮೂರನೆಯದು ಸೂಜಿ. ಈ ಕ್ರಮಕ್ಕೂ ಕಾರಣವಿದೆ. ಮೊದಲೇ ಸೂಜಿ ಹಾಕಿದರೆ ಒಳಗೆ ಸ್ವಲ್ಪ ರಕ್ತ ಕಟ್ಟಿ ಆಮೇಲೆ ತೆಗೆದ ಚಿತ್ರ ಗೊಂದಲ ಹುಟ್ಟಿಸಬಹುದು.

ಮೂರು ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ವೈದ್ಯರು ಧೈರ್ಯವಾಗಿ ಮುಂದುವರಿಯುತ್ತಾರೆ. ಒಂದು ಸಾಕ್ಷಿ ಬೇರೆ ಹೇಳಿದರೆ ಅಲ್ಲಿ ನಿಲ್ಲಿಸಿ ಮತ್ತೆ ವಿಚಾರಿಸಬೇಕು. ಸೂಜಿ ವರದಿಯಲ್ಲಿ ಏನೂ ಇಲ್ಲ ಎಂದು ಬಂದರೂ ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ ಸುಮ್ಮನಿರಬಾರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೂಜಿ ಪರೀಕ್ಷೆ ಎಂದರೇನು?

ಇದನ್ನು ನಾವು ಎಫ್‌.ಎನ್‌.ಎ.ಸಿ. ಎನ್ನುತ್ತೇವೆ. ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೀರಿ ತೆಗೆದು ನೋಡುವ ಪರೀಕ್ಷೆ. ರಕ್ತ ಪರೀಕ್ಷೆಗೆ ಚುಚ್ಚುವಂತಹುದೇ ಸೂಜಿ. ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಗಂಟನ್ನು ಎರಡು ಬೆರಳುಗಳ ನಡುವೆ ಹಿಡಿದು, ಸೂಜಿಯನ್ನು ಒಳಗೆ ಹಾಕಿ ನಾಲ್ಕಾರು ಬಾರಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇವೆ. ಸೂಜಿಯ ತೂತಿನೊಳಗೆ ಒಂದು ಹನಿಯಷ್ಟು ಪದಾರ್ಥ ಬರುತ್ತದೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ ತೆಳ್ಳಗೆ ಹರಡುತ್ತೇವೆ. ಚುಚ್ಚಿದ ಜಾಗವನ್ನು ಐದು ನಿಮಿಷ ಹತ್ತಿಯಿಂದ ಒತ್ತಿ ಹಿಡಿದರೆ ಮುಗಿಯಿತು. ಬಸ್ಸು ಹತ್ತಿ ಊರಿಗೆ ಬರಬಹುದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮಾತ್ರ ಅದನ್ನು ಮೊದಲೇ ಹೇಳಬೇಕು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಇದರಿಂದ ತೊಂದರೆಯಿಲ್ಲ.

ನೀರು ತುಂಬಿದ ಗುಳ್ಳೆಯಾದರೆ ಸೂಜಿ ಹಾಕಿದ ಕೂಡಲೇ ತಿಳಿಯಾದ ದ್ರವ ಬಂದು ಗಂಟು ಮಾಯವಾಗುತ್ತದೆ. ಪರೀಕ್ಷೆಯೇ ಚಿಕಿತ್ಸೆಯೂ ಆಯಿತು. ದ್ರವದಲ್ಲಿ ರಕ್ತವಿದ್ದರೆ, ಅಥವಾ ದ್ರವ ತೆಗೆದ ಮೇಲೂ ಗಂಟು ಉಳಿದರೆ, ಮುಂದಿನ ಪರೀಕ್ಷೆ ಬೇಕು.

ಸ್ಲೈಡುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅಲ್ಲಿ ಕಾಣುವುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಸಾಧು ಗಡ್ಡೆಯಾದರೆ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಜೇನುಗೂಡಿನ ಹಾಳೆಯಂತೆ ಶಿಸ್ತಾಗಿ ಕೂತಿರುತ್ತವೆ. ಫೈಬ್ರೋಅಡಿನೋಮಾದಲ್ಲಿ ಆ ಹಾಳೆಗಳು ಜಿಂಕೆಯ ಕೊಂಬಿನಂತೆ ಕವಲೊಡೆದಿರುತ್ತವೆ. ಸುತ್ತಲೂ ಎಳ್ಳು ಚೆಲ್ಲಿದಂತೆ ಚಿಕ್ಕ ಕೋಶಕೇಂದ್ರಗಳು ಹರಡಿರುತ್ತವೆ. ಆ ಎಳ್ಳು ಕಂಡರೆ ನಮಗೆ ಸಮಾಧಾನ. ಕ್ಯಾನ್ಸರ್ ಆದರೆ ಜೀವಕೋಶಗಳು ಒಂದರ ಕೈ ಒಂದು ಬಿಟ್ಟು ಬಿಡಿಬಿಡಿಯಾಗಿ ಚೆದುರಿರುತ್ತವೆ. ಕೋಶಕೇಂದ್ರ ದೊಡ್ಡದು, ಕಪ್ಪು, ಅಂಕುಡೊಂಕು. ಒಂದು ಇನ್ನೊಂದರಂತೆ ಇರುವುದಿಲ್ಲ.

ಈ ವಿದ್ಯೆಗೆ ಉದ್ದದ ಇತಿಹಾಸವಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಶಸ್ತ್ರವೈದ್ಯ ಅಲ್ ಝಹ್ರಾವಿ ಅವರು ಕುತ್ತಿಗೆಯ ಗಡ್ಡೆಗಳಿಗೆ ಸೂಜಿ ಚುಚ್ಚಿ ಅವು ಎಂಥವೆಂದು ತಿಳಿಯುತ್ತಿದ್ದರೆಂದು ವೈದ್ಯಕೀಯ ಇತಿಹಾಸ ಬರೆದವರು ಹೇಳುತ್ತಾರೆ. ಆಧುನಿಕ ಕಾಲದಲ್ಲಿ 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ ಇದರ ಬಗ್ಗೆ ಲೇಖನ ಪ್ರಕಟಿಸಿದರು. ಎಲ್ಲಿಸ್ ವೈದ್ಯರಲ್ಲ, ಪ್ರಯೋಗಾಲಯದ ತಂತ್ರಜ್ಞರು. ಇದನ್ನು ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದಿರುವ ಮಕ್ಕಳು ಗಮನಿಸಿ. ಮುಂದೆ ಸ್ವೀಡನ್ನಿನ ವೈದ್ಯರು ಸಣ್ಣ ಸೂಜಿಯ ಪದ್ಧತಿಯನ್ನು ಬೆಳೆಸಿ ಜಗತ್ತಿಗೆ ಹರಡಿದರು. ದುಬಾರಿ ಯಂತ್ರ ಬೇಡದ ಕಾರಣ ನಮ್ಮಂತಹ ದೇಶಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಸೂಜಿ ಹೇಳಲಾರದ್ದು

ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಹಾಕಿದವರು ಇಲ್ಲಿ ಬಹಳ ಜನ ಇದ್ದೀರಿ. ಖರೀದಿದಾರ ಮೂಟೆ ಬಿಚ್ಚುವುದಿಲ್ಲ. ಚೂಪಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಹೊರಗೆ ತೆಗೆದು ನೋಡುತ್ತಾನೆ. ಆ ಹಿಡಿ ಕಾಳಿನಿಂದ ಇಡೀ ಮೂಟೆಯ ಗುಣ ತಿಳಿಯುತ್ತದೆ. ಆದರೆ ಮೇಲೆ ಒಳ್ಳೆಯ ಕಾಳು, ನಡುವೆ ಬೂಷ್ಟು ಹಿಡಿದದ್ದು ಇದ್ದರೆ? ಕೊಳವೆ ಅಲ್ಲಿಗೆ ಮುಟ್ಟದಿದ್ದರೆ ಅವನು ಮೋಸ ಹೋಗುತ್ತಾನೆ. ಸೂಜಿ ಪರೀಕ್ಷೆಯೂ ಹಾಗೆಯೇ. ಸೂಜಿ ಮುಟ್ಟಿದ ಜಾಗದ ಸುದ್ದಿಯನ್ನು ಮಾತ್ರ ಅದು ಹೇಳುತ್ತದೆ.

ಆದ್ದರಿಂದ ನಾವು ವರದಿಯನ್ನು ಐದು ಗುಂಪುಗಳಲ್ಲಿ ಬರೆಯುತ್ತೇವೆ. 2016ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಸೇರಿದ್ದ ತಜ್ಞರು ಆರಂಭಿಸಿದ ಕೆಲಸದಿಂದ ಈ ಗುಂಪುಗಳು ಜಗತ್ತಿನಾದ್ಯಂತ ಒಂದೇ ರೀತಿಯಾಗುತ್ತಿವೆ. ಮೊದಲನೆಯದು, ಜೀವಕೋಶ ಸಾಲದು. ಎರಡನೆಯದು, ಸಾಧು. ಮೂರನೆಯದು, ಸ್ವಲ್ಪ ವ್ಯತ್ಯಾಸವಿದೆ. ನಾಲ್ಕನೆಯದು, ಕ್ಯಾನ್ಸರಿನ ಅನುಮಾನವಿದೆ. ಐದನೆಯದು, ಕ್ಯಾನ್ಸರ್. ಇದರಲ್ಲಿ ಮೊದಲನೆಯ ಗುಂಪನ್ನು ಜನ ತಪ್ಪು ತಿಳಿಯುತ್ತಾರೆ. "ಏನೂ ಸಿಗಲಿಲ್ಲವಂತೆ, ಅಂದರೆ ಏನೂ ಇಲ್ಲ" ಎಂದು ಖುಷಿಯಾಗಿ ಮನೆಗೆ ಹೋಗುತ್ತಾರೆ. ಅದರ ಅರ್ಥ ಹಾಗಲ್ಲ. ಕೊಳವೆಯಲ್ಲಿ ಕಾಳೇ ಬರಲಿಲ್ಲ ಎಂದು ಅರ್ಥ. ಮತ್ತೆ ಚುಚ್ಚಿ ನೋಡಬೇಕು. ಮೂರನೆಯ, ನಾಲ್ಕನೆಯ ಗುಂಪು ಬಂದರೆ ಬಯಾಪ್ಸಿ ಬೇಕು.

ಇನ್ನೊಂದು ಮಿತಿಯಿದೆ. ಸೂಜಿಯಲ್ಲಿ ಬಿಡಿ ಇಟ್ಟಿಗೆಗಳು ಸಿಗುತ್ತವೆ, ಗೋಡೆ ಸಿಗುವುದಿಲ್ಲ. ಕ್ಯಾನ್ಸರ್ ಜೀವಕೋಶಗಳು ಹಾಲಿನ ನಾಳದ ಒಳಗೇ ಉಳಿದಿವೆಯೋ, ಗೋಡೆ ಒಡೆದು ಹೊರಗೆ ನುಗ್ಗಿವೆಯೋ ಎಂಬುದನ್ನು ಬಿಡಿ ಇಟ್ಟಿಗೆ ನೋಡಿ ಹೇಳಲಾಗದು. ಅದಕ್ಕೆ ಗೋಡೆಯ ಒಂದು ತುಣುಕೇ ಬೇಕು. ಅದೇ ಅಂಗಾಂಶ ಪರೀಕ್ಷೆ, ಅಂದರೆ ಬಯಾಪ್ಸಿ.

ಅಂಗಾಂಶ ಪರೀಕ್ಷೆ

ಇಲ್ಲಿ ಸ್ವಲ್ಪ ದಪ್ಪ ಸೂಜಿ ಬಳಸುತ್ತಾರೆ. ಚುಚ್ಚುವ ಜಾಗವನ್ನು ಮರಗಟ್ಟಿಸಿ, ಸ್ಪ್ರಿಂಗ್ ಇರುವ ಸಾಧನದಿಂದ ಶಾವಿಗೆಯ ಎಳೆಯಂತಹ ನಾಲ್ಕೈದು ತುಣುಕು ತೆಗೆಯುತ್ತಾರೆ. ಇದಕ್ಕೂ ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ, ಹೊಲಿಗೆಯೂ ಸಾಮಾನ್ಯವಾಗಿ ಬೇಡ. ಕೆಲವೊಮ್ಮೆ ಗಂಟನ್ನೇ ಪೂರ್ತಿ ತೆಗೆದು ಪರೀಕ್ಷಿಸುತ್ತಾರೆ.

"ಬಯಾಪ್ಸಿ ವರದಿಗೆ ಅಷ್ಟು ದಿನ ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ಕೇಳಿ. ತುಣುಕನ್ನು ಕೂಡಲೇ ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು. ಅದರಲ್ಲಿ ಕನಿಷ್ಠ ಆರು ಗಂಟೆ ನೆನೆದರೆ ಜೀವಕೋಶಗಳು ಕೊಳೆಯದೆ ಇದ್ದಂತೆಯೇ ನಿಲ್ಲುತ್ತವೆ. ಆಮೇಲೆ ನೀರಿನ ಅಂಶ ತೆಗೆದು, ಮೇಣ ತುಂಬಿಸಿ, ಮೇಣದ ಗಟ್ಟಿಯನ್ನಾಗಿ ಮಾಡುತ್ತೇವೆ. ಅದನ್ನು ಯಂತ್ರದಲ್ಲಿ ಕೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆಯುತ್ತೇವೆ. ನೀಲಿ ಮತ್ತು ಗುಲಾಬಿ ಬಣ್ಣ ಹಾಕುತ್ತೇವೆ. ಆಮೇಲೆ ನೋಡುತ್ತೇವೆ. ಅನ್ನ ಬೇಯುವುದಕ್ಕೆ ಬೇಕಾದಷ್ಟು ಹೊತ್ತು ಬೇಕೇ ಬೇಕು.

ಕ್ಯಾನ್ಸರ್ ಎಂದು ಖಚಿತವಾದರೆ ಅದೇ ತುಣುಕಿನ ಮೇಲೆ ಇನ್ನೂ ಮೂರು ಪರೀಕ್ಷೆ ಮಾಡಬೇಕು. ಎರಡು ಹಾರ್ಮೋನುಗಳಿಗೆ ಸಂಬಂಧಿಸಿದವು, ಅವನ್ನು ಇ.ಆರ್. ಮತ್ತು ಪಿ.ಆರ್. ಎನ್ನುತ್ತೇವೆ. ಮೂರನೆಯದು ಹರ್-2. ಹಾರ್ಮೋನಿನ ಗುರುತು ಇದ್ದರೆ ಟ್ಯಾಮೊಕ್ಸಿಫೆನ್‌ನಂತಹ ದಿನಕ್ಕೊಂದು ಮಾತ್ರೆ ಕೆಲಸಕ್ಕೆ ಬರುತ್ತದೆ. ಹರ್-2 ಇದ್ದರೆ ಅದಕ್ಕೇ ಬೇರೆ ಇಂಜೆಕ್ಷನ್ ಇದೆ. ಮೂರೂ ಇಲ್ಲದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಬೀಗ ಯಾವುದೆಂದು ತಿಳಿಯದೆ ಬೀಗದ ಕೈ ಹುಡುಕಲಾಗದು. ಗಡ್ಡೆ ಕರಗಿಸಲು ಮೊದಲು ಇಂಜೆಕ್ಷನ್ ಕೊಡುವವರಿದ್ದರೆ ಈ ತುಣುಕನ್ನು ಅದಕ್ಕೂ ಮೊದಲೇ ತೆಗೆದಿಡಬೇಕು. ಗಡ್ಡೆ ಕರಗಿ ಹೋದ ಮೇಲೆ ಪರೀಕ್ಷಿಸಲು ಏನೂ ಉಳಿಯದಿರಬಹುದು.

ಮನೆಯವರು ಕೇಳಲೇಬೇಕಾದ ಪ್ರಶ್ನೆಗಳು

ಒಮ್ಮೆ ನಮ್ಮ ಪ್ರಯೋಗಾಲಯಕ್ಕೆ ಒಂದು ಗಡ್ಡೆ ಬಂದಿತು. ಯಾರೋ ಅದನ್ನು ಬರಿಯ ಸಲೈನ್ ನೀರಿನಲ್ಲಿ ಹಾಕಿ, ಎರಡು ದಿನ ಇಟ್ಟು ಕಳಿಸಿದ್ದರು. ಡಬ್ಬಿ ತೆರೆದರೆ ವಾಸನೆ. ಜೀವಕೋಶಗಳೆಲ್ಲ ಕರಗಿದ್ದವು. ಆ ತಾಯಿಗೆ ಇದ್ದದ್ದು ಏನೆಂದು ಹೇಳಲು ನಮಗೆ ಸಾಧ್ಯವಾಗಲಿಲ್ಲ. ಆ ದಿನ ನನಗೆ ಖಾಲಾರ ಸ್ಟೀಲ್ ಬಟ್ಟಲು ನೆನಪಾಯಿತು.

ಆದ್ದರಿಂದ ದೇಹದ ಯಾವ ಗಂಟನ್ನು ತೆಗೆಸಿದರೂ ಮನೆಯವರು ನಾಲ್ಕು ಪ್ರಶ್ನೆ ಕೇಳಿ. ತೆಗೆಯುವ ಮೊದಲು ಸೂಜಿ ಪರೀಕ್ಷೆ ಆಗಿದೆಯೇ? ತೆಗೆದದ್ದನ್ನು ಪೆಥಾಲಜಿಗೆ ಕಳಿಸುತ್ತೀರಾ? ಫಾರ್ಮಲಿನ್‌ನಲ್ಲಿ, ಹೆಸರು, ವಯಸ್ಸು, ಎಡವೋ ಬಲವೋ ಎಂದು ಬರೆದ ಡಬ್ಬಿಯಲ್ಲಿ ಹಾಕಿದ್ದೀರಾ? ಲಿಖಿತ ವರದಿ ಯಾವಾಗ ಸಿಗುತ್ತದೆ? ಹೀಗೆ ಕೇಳುವುದು ವೈದ್ಯರಿಗೆ ಅವಮಾನವಲ್ಲ. ಒಳ್ಳೆಯ ವೈದ್ಯರು ಸಂತೋಷಪಡುತ್ತಾರೆ. ಬಂದ ವರದಿಯನ್ನು ಜಮೀನಿನ ಪಹಣಿಯಂತೆ ಜೋಪಾನವಾಗಿ ಇಟ್ಟುಕೊಳ್ಳಿ.

ಭಯಗಳು, ನಾಚಿಕೆಗಳು

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ" ಎಂಬ ಮಾತು ನಮ್ಮಲ್ಲಿ ಬಹಳ. ಸೂಜಿ ಹೋದ ದಾರಿಯಲ್ಲಿ ಜೀವಕೋಶ ಉಳಿಯುವುದು ಬಹಳ ಅಪರೂಪ. ಉಳಿದರೂ ಮುಂದಿನ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳು ಅದನ್ನು ನೋಡಿಕೊಳ್ಳುತ್ತವೆ. ಸೂಜಿ ಪರೀಕ್ಷೆಯಿಂದ ರೋಗಿಯ ಆಯಸ್ಸು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪರೀಕ್ಷೆ ಮಾಡಿಸದೆ ಕಳೆದ ತಿಂಗಳುಗಳಿಂದ ಆಯಸ್ಸು ಕಡಿಮೆಯಾದದ್ದನ್ನು ಮಾತ್ರ ನಾನೇ ಕಂಡಿದ್ದೇನೆ.

ಎರಡನೆಯದು ಪರದೆಯ ಪ್ರಶ್ನೆ. ನಮ್ಮ ಅಮ್ಮಂದಿರು ಗಂಡಸು ಡಾಕ್ಟರ ಮುಂದೆ ಹೋಗಲು ಹಿಂಜರಿಯುತ್ತಾರೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಮಹಿಳಾ ವೈದ್ಯರು ಬೇಕೆಂದು ಕೇಳಿ. ಸಿಗದಿದ್ದರೆ ನರ್ಸ್ ಅಥವಾ ಮನೆಯ ಹೆಂಗಸು ಜೊತೆಯಲ್ಲಿರಲಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಆದರೆ ಮಹಿಳಾ ವೈದ್ಯರು ಸಿಗಲಿಲ್ಲವೆಂದು ತಿಂಗಳುಗಟ್ಟಲೆ ಕಾಯಬೇಡಿ.

ಮೂರನೆಯದು ಮದುವೆಯ ಭಯ. ಪಕ್ಕದ ಊರಿನ ಹತ್ತೊಂಬತ್ತು ವರ್ಷದ ಕಾಲೇಜು ಹುಡುಗಿಯನ್ನು ಅವಳ ಅಮ್ಮಿ ನನ್ನ ಬಳಿ ಕರೆತಂದರು. ಬಾಗಿಲು ಹಾಕಿಸಿ ಪಿಸುಮಾತಿನಲ್ಲಿ, "ಡಾಕ್ಟ್ರಮ್ಮ, ಮಗಳಿಗೆ ಮಾತುಕತೆ ಆಗಿದೆ. ಬೀಗರಿಗೆ ಗೊತ್ತಾಗಬಾರದು" ಎಂದರು. ನಾಲ್ಕು ತಿಂಗಳಿಂದ ತಾಯಿ ಮಗಳು ಇಬ್ಬರೂ ನಿದ್ದೆ ಮಾಡಿರಲಿಲ್ಲ. ಸ್ಕ್ಯಾನಿಂಗ್ ವರದಿ ನೋಡಿ ಸೂಜಿ ಹಾಕಿದೆ. ಮರುದಿನ ವರದಿ ಕೊಟ್ಟೆ: ಫೈಬ್ರೋಅಡಿನೋಮಾ. ಆ ತಾಯಿ ವರದಿಯನ್ನು ಓದಲಾರರು, ಆದರೂ ಕಣ್ಣಿಗೆ ಒತ್ತಿಕೊಂಡರು. ನಾಲ್ಕು ತಿಂಗಳ ನಿದ್ದೆಯನ್ನು ಅವರಿಂದ ಕಿತ್ತುಕೊಂಡದ್ದು ಗಂಟಲ್ಲ, ಗುಟ್ಟು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಮೂವತ್ತು ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡಬೇಕೆಂಬುದು 2016ರಲ್ಲಿ ಹೊರಬಂದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೇ ಇದೆ. ಸೂಜಿ ಪರೀಕ್ಷೆಗೆ ಬೆಂಗಳೂರಿಗೆ ಓಡಬೇಕಿಲ್ಲ. ನಮ್ಮ ದಾವಣಗೆರೆಯಲ್ಲಿಯೇ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರಲ್ಲಿ ಆರಂಭವಾದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ವೈದ್ಯಕೀಯ ಕಾಲೇಜು ಎಂದ ಮೇಲೆ ರೋಗಶಾಸ್ತ್ರ ವಿಭಾಗ ಇದ್ದೇ ಇರುತ್ತದೆ. ಕ್ಯಾನ್ಸರ್ ಎಂದು ತಿಳಿದ ಮೇಲೆ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಆಸ್ಪತ್ರೆ ಅದು. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಆ ಕಾರ್ಡನ್ನು ರೋಗ ಬರುವ ಮೊದಲೇ ಮಾಡಿಸಿಡಿ.

ಕೈಯಿಂದ ಪರೀಕ್ಷಿಸುವುದರಿಂದ ಏನು ಪ್ರಯೋಜನ ಎನ್ನುವವರಿಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಧ್ಯಯನ ಉತ್ತರ ಕೊಡುತ್ತದೆ. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ಗಮನಿಸಿದರು. ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಬಾರಿ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಗುಂಪಿನಲ್ಲಿ ಕ್ಯಾನ್ಸರ್ ಮೊದಲ ಹಂತಗಳಲ್ಲೇ ಪತ್ತೆಯಾಯಿತು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಐವತ್ತಕ್ಕಿಂತ ಚಿಕ್ಕವರಲ್ಲಿ ಸಾವಿನ ಸಂಖ್ಯೆ ಹಾಗೆ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಚಿಕ್ಕವರು ಯಾರಾದರೂ ಬಂದು ಪರೀಕ್ಷಿಸಲಿ ಎಂದು ಕಾಯಬಾರದು, ಗಂಟು ಕಂಡ ವಾರದಲ್ಲೇ ತಾವೇ ಹೋಗಬೇಕು.

ವಿದ್ಯಾರ್ಥಿಗಳಿಗೆ

ಕೊನೆಯದಾಗಿ ಮಕ್ಕಳೇ, ನಿಮಗೆ ಎರಡು ಮಾತು. ಒಂದು, ಇಂದು ರಾತ್ರಿ ಊಟ ಮಾಡುವಾಗ ಮನೆಯಲ್ಲಿ ಈ ವಿಷಯ ತೆಗೆಯಿರಿ. ಅಮ್ಮಿ, ದಾದಿ, ನಾನಿ, ಖಾಲಾ, ಫೂಫಿ ಯಾರಿಗಾದರೂ ಇಂಥದ್ದು ಇದೆಯೇ ಎಂದು ಹೆಣ್ಣುಮಕ್ಕಳು ಮೆಲ್ಲಗೆ ಕೇಳಿ. ಮಗಳು ಕೇಳಿದರೆ ತಾಯಿ ಹೇಳುತ್ತಾಳೆ. ನನ್ನ ಖಾಲಾರನ್ನು ಆ ಎಂಟು ತಿಂಗಳಲ್ಲಿ ಯಾರೂ ಕೇಳಲಿಲ್ಲ. ವೈದ್ಯಕೀಯ ಓದುತ್ತಿದ್ದ ನಾನೂ ಕೇಳಲಿಲ್ಲ. ಆ ತಪ್ಪು ನನ್ನದೂ ಹೌದು.

ಎರಡು, ಡಾಕ್ಟರ್ ಆಗುವುದು ಎಂದರೆ ಬರಿಯ ಸ್ಟೆತಾಸ್ಕೋಪ್ ಅಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂರುವವರೂ ಬೇಕು. ಸ್ಲೈಡಿಗೆ ಸರಿಯಾಗಿ ಬಣ್ಣ ಹಾಕುವ ತಂತ್ರಜ್ಞರೂ ಬೇಕು. ಹಳ್ಳಿಯ ಹೆಂಗಸಿನ ಕೈಹಿಡಿದು ಧೈರ್ಯ ಹೇಳುವ ನರ್ಸ್ ಬೇಕು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಲ್ಯಾಬ್ ತಂತ್ರಜ್ಞಾನದ ಕೋರ್ಸ್ ಮಾಡಿದರೂ ಈ ಕೆಲಸಕ್ಕೆ ಬರಬಹುದು. ನಮ್ಮ ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬಂದಷ್ಟೂ ನಮ್ಮ ತಾಯಂದಿರ ನಾಚಿಕೆ ಕಡಿಮೆಯಾಗುತ್ತದೆ. ಸಂಘದ ಹಿರಿಯರು ವಿದ್ಯಾರ್ಥಿವೇತನ ಕೊಡುವಾಗ ಇಂತಹ ಕೋರ್ಸುಗಳನ್ನೂ ನೆನಪಿಡಬೇಕೆಂದು ನನ್ನ ವಿನಂತಿ.

ಭಾಷಣ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ನಾನು ಸಂಜೆಯವರೆಗೆ ಇರುತ್ತೇನೆ. ತಾಯಂದಿರು, ಅಕ್ಕತಂಗಿಯರು ಯಾರು ಬೇಕಾದರೂ ಬಂದು ಕೇಳಬಹುದು. ಬಾಗಿಲು ಹಾಕಿರುತ್ತದೆ, ಒಳಗೆ ಹೆಂಗಸರು ಮಾತ್ರ ಇರುತ್ತೇವೆ.